ಹೋಳಿಗೆಯಿಂದ ಹೊಸತೊಡಕಿನವರೆಗೆ: ಹಬ್ಬದ ಊಟ ಮೈಯೊಳಗೆ ಏನು ಮಾಡುತ್ತದೆ?

ಹಳೇ ಮೈಸೂರಿನ ಕಡೆ ಯುಗಾದಿ ಎಂದರೆ ಎರಡು ದಿನದ ಹಬ್ಬ. ಮೊದಲ ದಿನ ಬೇವು-ಬೆಲ್ಲ, ಹೋಳಿಗೆ, ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ. ಮರುದಿನ ಹೊಸತೊಡಕು. ಅವತ್ತು ಬೆಳಕು ಹರಿಯುವ ಮೊದಲೇ ಮಾಂಸದಂಗಡಿಗಳ ಮುಂದೆ ಸಾಲು ನಿಂತಿರುತ್ತದೆ. ಹಬ್ಬಕ್ಕೆ ವಾರವಿರುವಾಗಲೇ ಮನೆಮನೆಯಲ್ಲಿ ಒಂದು ಮಾತು ಶುರುವಾಗುತ್ತದೆ. ಅಪ್ಪನಿಗೆ ಶುಗರ್ ಇದೆ, ಹೋಳಿಗೆ ಕೊಡಬಹುದಾ? ಬೆಲ್ಲದ್ದು ತಾನೆ, ಏನಾಗಲ್ಲ ಬಿಡಿ ಎನ್ನುತ್ತಾರೆ ಒಬ್ಬರು. ಮೇಲೆ ತುಪ್ಪ ಹಾಕಿಕೊಂಡರೆ ಸಕ್ಕರೆ ಏರಲ್ಲವಂತೆ ಎನ್ನುತ್ತಾರೆ ಇನ್ನೊಬ್ಬರು.

ಇದು ಒಂದೆರಡು ಮನೆಯ ಚಿಂತೆಯಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅಂದರೆ ಊಟಕ್ಕೆ ಕೂತ ಯಾವುದೇ ಪಂಕ್ತಿಯಲ್ಲಿ ಒಬ್ಬರಲ್ಲ ಒಬ್ಬರು ಈ ಲೆಕ್ಕಕ್ಕೆ ಸಿಗುತ್ತಾರೆ. ಮೊದಲೇ ಹೇಳಿಬಿಡುವುದಾದರೆ, ಆರೋಗ್ಯವಂತರ ದೇಹ ಒಂದು ಹಬ್ಬದೂಟವನ್ನು ಸಲೀಸಾಗಿ ಅರಗಿಸಿಕೊಳ್ಳುತ್ತದೆ. ತೊಂದರೆ ಬರುವುದು ಹೆಚ್ಚಾಗಿ ಊಟದ ಅಕ್ಕಪಕ್ಕದಿಂದ. ಮಧ್ಯಾಹ್ನ ಎರಡರವರೆಗೆ ಖಾಲಿ ಹೊಟ್ಟೆ, ಆಮೇಲೆ ಗಬಗಬನೆ ಊಟ, ಉಂಡ ಕೂಡಲೇ ಚಾಪೆ, ಮತ್ತೆ ಮೂರು ದಿನ ಉಳಿದದ್ದನ್ನು ಖಾಲಿ ಮಾಡುವ ಕೆಲಸ.

ಒಂದು ಹೋಳಿಗೆಯ ಲೆಕ್ಕ

ಅರ್ಧ ಕೆಜಿ ಬೇಳೆಗೆ ಅರ್ಧ ಕೆಜಿ ಬೆಲ್ಲ ಎಂಬುದು ಬಹಳ ಮನೆಗಳ ಅಳತೆ. ಆ ಹೂರಣಕ್ಕೆ ಸುಮಾರು 25 ಹೋಳಿಗೆ ಆಗುತ್ತದೆ ಎಂದುಕೊಳ್ಳೋಣ. ಒಂದೊಂದರಲ್ಲಿ 20 ಗ್ರಾಂ ಬೆಲ್ಲ, 20 ಗ್ರಾಂ ಬೇಳೆ, ಕಣಕದ ಮೈದಾ ಸುಮಾರು 15 ಗ್ರಾಂ, ತಟ್ಟುವಾಗ ಬೇಯಿಸುವಾಗ ಸೇರುವ ಎಣ್ಣೆ ಒಂದು ಸಣ್ಣ ಚಮಚ. ಕ್ಯಾಲೊರಿ ಎಂದರೆ ಆಹಾರದಿಂದ ಸಿಗುವ ಶಕ್ತಿಯ ಅಳತೆ. ಬೆಲ್ಲದಿಂದ 75, ಬೇಳೆಯಿಂದ 70, ಮೈದಾದಿಂದ 50, ಎಣ್ಣೆಯಿಂದ 45, ಹೀಗೆ ಒಂದು ಹೋಳಿಗೆಗೆ ಹೆಚ್ಚುಕಮ್ಮಿ 240 ಕ್ಯಾಲೊರಿ. ಅದರ ಮೇಲೆ ಒಂದು ದೊಡ್ಡ ಚಮಚ ತುಪ್ಪ ಬಿದ್ದರೆ ಇನ್ನೊಂದು 130. ತುಪ್ಪ ಬಡಿಸುವವರು ಚಮಚಕ್ಕೇ ನಿಲ್ಲುವುದು ಅಪರೂಪ ಎನ್ನುವುದು ಬೇರೆ ಮಾತು.

ಎರಡು ಹೋಳಿಗೆ ತಿಂದರೆ 40 ಗ್ರಾಂ ಬೆಲ್ಲ ಹೊಟ್ಟೆ ಸೇರಿತು. ಪಾಯಸದ್ದು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಮೇಲಿನಿಂದ ಸೇರಿಸುವ ಸಕ್ಕರೆ, ಬೆಲ್ಲ, ಜೇನುತುಪ್ಪ ಎಲ್ಲವೂ ಸೇರಿ ದಿನದ ಒಟ್ಟು ಶಕ್ತಿಯ ನೂರಕ್ಕೆ ಹತ್ತು ಭಾಗದೊಳಗಿರಲಿ, ಐದರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಅದು 50 ಗ್ರಾಂ ಮತ್ತು 25 ಗ್ರಾಂ. ಇದು ದಿನನಿತ್ಯದ ಮಿತಿ. ವರ್ಷದ ಒಂದು ದಿನ ದಾಟಿದರೆ ಆಕಾಶ ಕಳಚಿ ಬೀಳುವುದಿಲ್ಲ, ಆದರೆ ಎಷ್ಟು ದಾಟಿದೆವು ಎಂಬುದು ಗೊತ್ತಿದ್ದರೆ ಒಳ್ಳೆಯದು.

ಈಗ ಬೆಲ್ಲದ ವಿಚಾರ. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆ ಡಬ್ಬದಲ್ಲಿರುವುದೇ. ಸ್ವಲ್ಪ ಕಬ್ಬಿಣ, ಸ್ವಲ್ಪ ಖನಿಜ ಉಳಿದಿರುತ್ತದೆ, ರುಚಿಯಂತೂ ಸಕ್ಕರೆಗೆ ಬರುವುದಿಲ್ಲ. ಆದರೆ ರಕ್ತಕ್ಕೆ ಇಳಿದ ಮೇಲೆ ದೇಹ ಎರಡಕ್ಕೂ ವ್ಯತ್ಯಾಸ ಮಾಡುವುದಿಲ್ಲ. ಮಧುಮೇಹಿಗಳಿಗೆ ಬೆಲ್ಲ ಪರವಾಗಿಲ್ಲ ಎಂಬ ಮಾತಿಗೆ ಬುಡವಿಲ್ಲ.

ಉಂಡದ್ದು ರಕ್ತಕ್ಕೆ ಇಳಿಯುವ ಬಗೆ

ಅನ್ನ, ಮೈದಾ, ಬೆಲ್ಲ ಇವೆಲ್ಲ ಕಾರ್ಬೋಹೈಡ್ರೇಟ್ ಗುಂಪಿಗೆ ಸೇರಿದವು. ಕರುಳಿನಲ್ಲಿ ಒಡೆದು ಮುಖ್ಯವಾಗಿ ಗ್ಲೂಕೋಸ್ ಆಗುತ್ತವೆ, ರಕ್ತ ಸೇರುತ್ತವೆ. ಅದನ್ನು ಜೀವಕೋಶಗಳು ಎಳೆದುಕೊಳ್ಳುವಂತೆ ಮಾಡುವ ಹಾರ್ಮೋನು ಇನ್ಸುಲಿನ್. ಮೇದೋಜೀರಕ ಗ್ರಂಥಿ ಅದನ್ನು ತಯಾರಿಸುತ್ತದೆ. ಮಧುಮೇಹದಲ್ಲಿ ಒಂದೋ ಇನ್ಸುಲಿನ್ ಸಾಲುವುದಿಲ್ಲ, ಇಲ್ಲವೇ ಜೀವಕೋಶಗಳು ಅದರ ಮಾತು ಸರಿಯಾಗಿ ಕೇಳುವುದಿಲ್ಲ.

ಇಲ್ಲಿ ಎಷ್ಟು ತಿಂದೆವು ಎಂಬುದರಷ್ಟೇ ಮುಖ್ಯ ಎಷ್ಟು ಬೇಗ ರಕ್ತ ಸೇರಿತು ಎಂಬುದು. ಕೆಆರ್‌ಎಸ್‌ನಿಂದ ನಾಲೆಗೆ ನೀರು ಬಿಡುವುದನ್ನು ನೆನೆಸಿಕೊಳ್ಳಿ. ಗೇಟು ಸ್ವಲ್ಪಸ್ವಲ್ಪವೇ ಎತ್ತಿದರೆ ಅಷ್ಟೇ ನೀರು ನಾಲೆಯುದ್ದಕ್ಕೂ ಹದವಾಗಿ ಹರಿಯುತ್ತದೆ, ಒಮ್ಮೆಗೇ ಎತ್ತಿದರೆ ಏರಿ ಒಡೆಯುತ್ತದೆ. ಜಠರದ ಕೊನೆಯಲ್ಲೂ ಇಂಥದೊಂದು ಗೇಟಿದೆ. ಅರೆದ ಆಹಾರವನ್ನು ಅದು ಸ್ವಲ್ಪಸ್ವಲ್ಪವಾಗಿ ಸಣ್ಣ ಕರುಳಿಗೆ ಬಿಡುತ್ತದೆ. ನಾರು, ಪ್ರೋಟೀನು, ಕೊಬ್ಬು ಮೊದಲೇ ಒಳಗಿದ್ದರೆ ಗೇಟು ನಿಧಾನ. ಬರೀ ಪಾಯಸವೋ ಪಾನಕವೋ ಹೋದರೆ ಬೇಗ.

ತುಪ್ಪದ ಮಾತಿನಲ್ಲಿರುವ ಅರ್ಧಸತ್ಯ ಇದೇ. ಕೊಬ್ಬು ಜಠರವನ್ನು ನಿಧಾನ ಮಾಡುವುದರಿಂದ ಸಕ್ಕರೆ ಏರುವ ವೇಗ ತಗ್ಗಬಹುದು. ಆದರೆ 20 ಗ್ರಾಂ ಬೆಲ್ಲ 20 ಗ್ರಾಮೇ, ತಡವಾಗಿಯಾದರೂ ರಕ್ತಕ್ಕೆ ಬಂದೇ ಬರುತ್ತದೆ. ಜೊತೆಗೆ ತುಪ್ಪದ ಕ್ಯಾಲೊರಿ ಬೇರೆ.

ಎಲೆಯಲ್ಲಿ ಯಾವುದು ಮೊದಲು?

ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 2015ರಲ್ಲಿ ಒಂದು ಚಿಕ್ಕ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಟೈಪ್ 2 ಮಧುಮೇಹವಿದ್ದ 11 ಜನರಿಗೆ ಎರಡು ಬೇರೆ ದಿನ ಒಂದೇ ಊಟ ಕೊಟ್ಟರು, ಸರದಿ ಮಾತ್ರ ಬದಲು. ಒಂದು ದಿನ ಬ್ರೆಡ್ಡು ಮತ್ತು ಹಣ್ಣಿನ ರಸ ಮೊದಲು, ತರಕಾರಿ ಮತ್ತು ಮಾಂಸ ಆಮೇಲೆ. ಇನ್ನೊಂದು ದಿನ ತರಕಾರಿ ಮತ್ತು ಮಾಂಸ ಮೊದಲು, 15 ನಿಮಿಷ ಬಿಟ್ಟು ಬ್ರೆಡ್ಡು, ರಸ. ಎರಡನೆಯ ಸರದಿಯಲ್ಲಿ ಉಂಡ ಒಂದು ಗಂಟೆಯ ಹೊತ್ತಿಗೆ ರಕ್ತದ ಸಕ್ಕರೆ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಕಡಿಮೆಯಿತ್ತು. 11 ಜನರ ಮೇಲಿನ ಪ್ರಯೋಗ ದೊಡ್ಡದೇನಲ್ಲ, ಆದರೂ ಜಠರದ ಗೇಟಿನ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ.

ನಮ್ಮ ಬಾಳೆಎಲೆಯಲ್ಲಿ ಈ ಕೆಲಸಕ್ಕೆ ಬೇಕಾದ್ದು ಆಗಲೇ ಇದೆ, ಕೋಸಂಬರಿ. ನೆನೆಸಿದ ಹೆಸರುಬೇಳೆಯಲ್ಲಿ ಪ್ರೋಟೀನೂ ಇದೆ, ನಾರೂ ಇದೆ. ಜೊತೆಗೆ ಸೌತೆಕಾಯಿ, ತೆಂಗಿನತುರಿ. ಕಷ್ಟವೇನೆಂದರೆ ಅದನ್ನು ಬಡಿಸುವುದು ಶಾಸ್ತ್ರಕ್ಕೆ ಒಂದು ಚಮಚ. ಹುರುಳಿಕಾಯಿ ಪಲ್ಯದ ಪಾಡೂ ಅದೇ. ಅನ್ನವೋ, ಎಲೆಯ ಮುಕ್ಕಾಲು. ಹಬ್ಬದ ದಿನ ಒಂದೇ ಒಂದು ಬದಲಾವಣೆ ಮಾಡುವುದಿದ್ದರೆ ಇದನ್ನು ಮಾಡಿ: ಕೋಸಂಬರಿಯನ್ನು ಪಾತ್ರೆ ತುಂಬ ಕಲಸಿ, ಧಾರಾಳವಾಗಿ ಬಡಿಸಿ. ಮೊದಲು ಒಂದು ತೊಟ್ಟು ಪಾಯಸ ಬಾಯಿಗಿಟ್ಟುಕೊಳ್ಳುವ ಪದ್ಧತಿಯಿದ್ದರೆ ಇರಲಿ. ಅದಾದ ಮೇಲೆ ಕೋಸಂಬರಿ, ಪಲ್ಯ ಮುಗಿಸಿ, ಆಮೇಲೆ ಅನ್ನಕ್ಕೆ ಕೈಹಾಕಿ. ಹೋಳಿಗೆ ಬರುವಷ್ಟರಲ್ಲಿ ಹೊಟ್ಟೆಗೆ ತಳ ಬಿದ್ದಿರುತ್ತದೆ.

ಚಿತ್ರಾನ್ನ, ಅನ್ನ-ಸಾರು, ಹೋಳಿಗೆ ಮೂರನ್ನೂ ಪೂರ್ತಿ ತಿನ್ನಬೇಕು ಎಂದೇನಿಲ್ಲ. ಮಧುಮೇಹಿಗಳಿಗೆ ಹೋಳಿಗೆ ಬೇಕೇ ಬೇಕೆಂದಾದರೆ ಅನ್ನ ಕಡಿಮೆ ಮಾಡಿಕೊಳ್ಳುವುದು ಸರಳ ಉಪಾಯ. ಎರಡೂ ಒಂದೇ ಖಾತೆಯಿಂದ ಹೋಗುವಂಥವು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಬಿಪಿ ಇರುವವರ ತಲೆನೋವು, ಎಲ್ಲದರಲ್ಲೂ ಉಪ್ಪು ಜಾಸ್ತಿ. ದಿನಕ್ಕೆ 5 ಗ್ರಾಂ ಉಪ್ಪಿನೊಳಗಿರಿ ಎಂಬ ಸಲಹೆ ಹಬ್ಬದೂಟದಲ್ಲಿ ಹಪ್ಪಳದ ಹೊತ್ತಿಗೇ ಮುಗಿದುಹೋಗಬಹುದು.

ಹೊಟ್ಟೆ ತುಂಬಿದರೂ ಹೋಳಿಗೆಗೆ ಜಾಗ ಎಲ್ಲಿಂದ?

ಹೊಟ್ಟೆ ತುಂಬಿತು ಎಂಬ ಸುದ್ದಿ ಮಿದುಳಿಗೆ ಎರಡು ದಾರಿಯಲ್ಲಿ ಹೋಗುತ್ತದೆ. ಜಠರ ಹಿಗ್ಗಿದ್ದನ್ನು ನರಗಳು ತಿಳಿಸುತ್ತವೆ. ಆಹಾರ ಕರುಳಿಗಿಳಿದ ಮೇಲೆ ಅಲ್ಲಿಂದ ಹಾರ್ಮೋನುಗಳು ಹೊರಡುತ್ತವೆ. ಈ ಎರಡನೆಯ ಸುದ್ದಿ ಮುಟ್ಟಲು ಸುಮಾರು 20 ನಿಮಿಷ ಹಿಡಿಯುತ್ತದೆ. ಎರಡನೇ ಪಂಕ್ತಿಯವರು ಹಿಂದೆ ನಿಂತು ಕಾಯುತ್ತಿರುವಾಗ ಹತ್ತೇ ನಿಮಿಷದಲ್ಲಿ ಊಟ ಮುಗಿಸುವವರಿಗೆ ಆ ಸುದ್ದಿ ಸಿಗುವುದು ಕೈತೊಳೆದ ಮೇಲೆ.

ಇನ್ನೊಂದು ಕಾರಣ ವೈವಿಧ್ಯ. ಒಂದೇ ರುಚಿಯನ್ನು ತಿನ್ನುತ್ತಾ ಹೋದಂತೆ ಅದರ ಮೇಲಿನ ಆಸೆ ಇಳಿಯುತ್ತದೆ, ಆದರೆ ಹೊಸ ರುಚಿಯ ಮೇಲಿನ ಆಸೆ ಹಾಗೇ ಇರುತ್ತದೆ. ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1980ರ ದಶಕದ ಶುರುವಿನಲ್ಲಿ ಇದನ್ನು ಪ್ರಯೋಗಗಳಲ್ಲಿ ತೋರಿಸಿದರು. ಸಾರನ್ನ ಸಾಕಪ್ಪಾ ಸಾಕು ಎಂದವರ ಎಲೆಗೆ ಬಿಸಿ ಹೋಳಿಗೆ ಬಿದ್ದಾಗ ಕಣ್ಣರಳುವುದು ದುರಾಸೆಯಿಂದಲ್ಲ, ಮಿದುಳಿನ ಸ್ವಭಾವ ಅದು. ಹತ್ತು ಹದಿನೈದು ಬಗೆ ಬಡಿಸುವ ಊಟದಲ್ಲಿ ಎಲ್ಲರೂ ಹೆಚ್ಚು ತಿನ್ನುವುದಕ್ಕೆ ಇದೂ ಕಾರಣ.

ಮೂರನೆಯದು ಉಪಚಾರ. ನಮ್ಮ ಮನೆಗಳಲ್ಲಿ ಒಂದು ಸಲ ಹೇಳಿದ "ಸಾಕು" ಲೆಕ್ಕಕ್ಕಿಲ್ಲ. ಅದು ಸಂಕೋಚ ಎಂದೇ ಬಡಿಸುವವರ ಎಣಿಕೆ. "ಇಷ್ಟೇ ಇಷ್ಟು ಹಾಕ್ತೀನಿ, ನನ್ನ ಆಣೆ" ಎನ್ನುವಷ್ಟರಲ್ಲಿ ಬಿದ್ದಿರುತ್ತದೆ. ಖಾಲಿ ಜಾಗ ಕಂಡರೆ ಬಡಿಸುವವರ ಕೈ ನಿಲ್ಲದು. ಹಾಗಾಗಿ ಎಲೆಯ ಮೇಲೆ ಅರ್ಧ ಹೋಳಿಗೆಯನ್ನು ಕೊನೆಯವರೆಗೂ ಉಳಿಸಿಕೊಂಡಿರುವವರಿಗೆ ಬಲವಂತ ಕಡಿಮೆ. ಬೇಡ ಎಂದು ವಾದಿಸುವುದಕ್ಕಿಂತ "ಇದನ್ನ ಮುಗಿಸ್ತೀನಿ ಅತ್ತೆ, ಆಮೇಲೆ ನೋಡೋಣ" ಎಂದರೆ ಯಾರಿಗೂ ಬೇಜಾರಿಲ್ಲ. ಇನ್ನು ಬಡಿಸುವವರಿಗೊಂದು ಮಾತು: ಶುಗರ್ ಇರುವವರ ಎದುರು ನಿಂತು ಹತ್ತು ಜನರ ಮುಂದೆ "ಒಂದು ದಿನಕ್ಕೇನಾಗುತ್ತೆ" ಎನ್ನಬೇಡಿ. ಏನಾಗುತ್ತದೆ ಎಂಬುದು ಸಂಜೆ ಬೆರಳು ಚುಚ್ಚಿ ನೋಡಿಕೊಳ್ಳುವ ಅವರಿಗೆ ಗೊತ್ತು.

ಪೂಜೆ ಮುಗಿಯುವ ತನಕ ಹೊಟ್ಟೆ ಖಾಲಿ, ಮಾತ್ರೆ ಮಾತ್ರ ಒಳಗೆ

ಸಿಹಿಯ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಇದರ ಬಗ್ಗೆ ಹೇಳುವವರು ಕಡಿಮೆ. ಹಬ್ಬದ ಬೆಳಿಗ್ಗೆ ನೈವೇದ್ಯವಾಗುವವರೆಗೆ ಏನೂ ತಿನ್ನದ ಹಿರಿಯರು ಎಂಟು ಗಂಟೆಯ ಶುಗರ್ ಮಾತ್ರೆಯನ್ನು ಮಾತ್ರ ಮರೆಯದೆ ನುಂಗಿರುತ್ತಾರೆ. ಗ್ಲಿಮಿಪಿರೈಡ್‌ನಂಥ ಮಾತ್ರೆ, ಅಥವಾ ಇನ್ಸುಲಿನ್, ಹೊಟ್ಟೆಗೆ ಏನೂ ಬೀಳದಿದ್ದರೂ ಸಕ್ಕರೆ ಇಳಿಸುತ್ತಲೇ ಇರುತ್ತದೆ. ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಕೈ ನಡುಕ, ಬೆವರು, ಎದೆ ಡವಡವ, ಸಿಡಿಮಿಡಿ, ತೊದಲು ಮಾತು. ಇನ್ನೂ ಇಳಿದರೆ ಪ್ರಜ್ಞೆ ತಪ್ಪಬಹುದು. ಪೂಜೆಯ ಹೊತ್ತಿನಲ್ಲಿ ಯಾರಾದರೂ ಹೀಗಾದರೆ "ಸುಸ್ತಾಗಿದೆ, ಮಲಗಲಿ" ಎಂದು ಬಿಡಬಾರದು. ಪ್ರಜ್ಞೆಯಿದ್ದರೆ ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿಗೆ ಕಲಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಆಮೇಲೆ ತಿಂಡಿ ಕೊಡಿ. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು.

ಹಬ್ಬದ ದಿನ ಮಾತ್ರೆಯ ಹೊತ್ತು ಬದಲಿಸಬೇಕೇ ಎಂದು ವಾರ ಮುಂಚೆಯೇ ನಿಮ್ಮ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ಹೋಳಿಗೆ ತಿನ್ನುತ್ತೇನೆಂದು ಇನ್ನೊಂದು ಮಾತ್ರೆ ಹೆಚ್ಚಿಗೆ ನುಂಗುವುದು, ಊಟ ತಡ ಎಂದು ಇನ್ಸುಲಿನ್ ಬಿಟ್ಟುಬಿಡುವುದು, ಎರಡೂ ಅಪಾಯ.

ಕಾಯಿಲೆ ಇಲ್ಲದವರಿಗೂ ಆರೇಳು ತಾಸಿನ ಉಪವಾಸ ಲಾಭವಲ್ಲ. ಹಸಿದು ಕೂತವರು ಬೇಗ ತಿನ್ನುತ್ತಾರೆ, ಹೆಚ್ಚು ತಿನ್ನುತ್ತಾರೆ. ಮಡಿಗೆ ಅಡ್ಡಿಯಿಲ್ಲದಿದ್ದರೆ ಬೆಳಿಗ್ಗೆ ಎರಡು ಇಡ್ಲಿ, ಇಲ್ಲವೇ ಒಂದು ಬಾಳೆಹಣ್ಣು, ಒಂದು ಲೋಟ ಹಾಲು ಸಾಕು.

ಉಂಡ ಮೇಲಿನ ಮಂಪರು

ರಕ್ತವೆಲ್ಲ ಹೊಟ್ಟೆಗೆ ಹೋಗಿ ಮಿದುಳಿಗೆ ಕಡಿಮೆಯಾಗುತ್ತದೆ, ಅದಕ್ಕೇ ನಿದ್ದೆ ಎಂಬ ವಿವರಣೆ ಬಹಳ ಹಳೆಯದು. ಆದರೆ ಮಿದುಳು ತನ್ನ ಪಾಲಿನ ರಕ್ತವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಉಂಡ ಮೇಲೆ ದೇಹ ವಿಶ್ರಾಂತಿಯ ಲಯಕ್ಕೆ ಜಾರುತ್ತದೆ, ಎಚ್ಚರವಾಗಿಡುವ ಕೆಲವು ನರಕೋಶಗಳನ್ನು ಗ್ಲೂಕೋಸ್ ತಣ್ಣಗಾಗಿಸುತ್ತದೆ, ಮಧ್ಯಾಹ್ನದ ಹೊತ್ತು ದೇಹದ ಗಡಿಯಾರವೂ ತಾನಾಗಿಯೇ ಸ್ವಲ್ಪ ಮಂದವಾಗುತ್ತದೆ. ಇದರ ಮೇಲೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಎಣ್ಣೆನೀರು ಹಾಕಿಕೊಂಡದ್ದು ಬೇರೆ.

ಮಲಗಬೇಡಿ ಎಂದರೆ ಯಾರೂ ಕೇಳುವುದಿಲ್ಲ, ಹಾಗಾಗಿ ಕ್ರಮ ಬದಲಿಸಿ. ಎಲೆಯಡಿಕೆ ಹಾಕಿಕೊಂಡು (ತಂಬಾಕು, ಹೊಗೆಸೊಪ್ಪು ಬೇಡ) ಕೂರುವ ಬದಲು 10-15 ನಿಮಿಷ ಬೀದಿ ಸುತ್ತಿ ಬನ್ನಿ. ಕಾಲಿನ ಸ್ನಾಯುಗಳು ಕೆಲಸ ಮಾಡುವಾಗ ಇನ್ಸುಲಿನ್ ನೆರವು ಅಷ್ಟಾಗಿ ಇಲ್ಲದೆಯೂ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳುತ್ತವೆ. ಉಂಡ ಅರ್ಧ ಗಂಟೆಯೊಳಗಿನ ನಡಿಗೆಗೆ ಅದಕ್ಕೇ ಬೆಲೆ. ಏಪ್ರಿಲ್ ಬಿಸಿಲಿಗೆ ಹೊರಗೆ ಹೋಗಲಾಗದಿದ್ದರೆ ಪಡಸಾಲೆಯಲ್ಲೇ ಅಡ್ಡಾಡಬಹುದು. ಆಮೇಲೆ ಒರಗು ಕುರ್ಚಿಯಲ್ಲಿ ತೂಕಡಿಸಿ. ಪೂರ್ತಿ ಮಲಗುವುದಕ್ಕೆ ಎರಡು ಮೂರು ತಾಸಾಗಲಿ. ತುಪ್ಪ ಎಣ್ಣೆಯ ಊಟ ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುವುದರಿಂದ, ಮಲಗಿದ ಕೂಡಲೇ ಆಮ್ಲ ಅನ್ನನಾಳಕ್ಕೆ ಮೇಲೇರಿ ಎದೆಯುರಿ, ಹುಳಿತೇಗು ಬರುತ್ತದೆ. ಮಲಗಲೇಬೇಕಾದರೆ ಎಡಮಗ್ಗುಲು ವಾಸಿ.

ಅಡುಗೆಮನೆಯಲ್ಲೇ ಹಬ್ಬ ಮುಗಿಯುವವರು

ಇಲ್ಲಿಯವರೆಗಿನದು ಕೂತು ಉಣ್ಣುವವರ ಕಥೆ. ಹೂರಣ ರುಬ್ಬಿ, ಕಣಕ ನಾದಿ, ಒಲೆ ಮುಂದೆ ನಿಂತು ಐವತ್ತು ಹೋಳಿಗೆ ಬೇಯಿಸುವವರು ಮಧ್ಯೆ ಮಧ್ಯೆ ಚೂರುಪಾರು ಬಾಯಿಗೆ ಹಾಕಿಕೊಂಡು, ಎಲ್ಲರದ್ದೂ ಆದ ಮೇಲೆ ಮೂರೂವರೆಗೆ ತಣ್ಣಗಾದ ಅನ್ನದ ಮುಂದೆ ಕೂರುತ್ತಾರೆ. ಮನಸ್ಸಿನ ಒತ್ತಡಕ್ಕೂ ಊಟಕ್ಕೂ ನೇರ ನಂಟಿದೆ. ಅವಸರ, ಆತಂಕದಲ್ಲಿ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಬಿಡುತ್ತದೆ. ಅವು ಜೀರ್ಣಕ್ರಿಯೆಯನ್ನು ಬದಿಗಿಟ್ಟು ರಕ್ತಕ್ಕೆ ಸಕ್ಕರೆ ಸುರಿಯುತ್ತವೆ. ಹಾಗಾಗಿ ಸಿಹಿ ಮುಟ್ಟದಿದ್ದರೂ ಹಬ್ಬದ ದಿನ ಶುಗರ್ ಏರಿರುವುದುಂಟು.

ನಿದ್ದೆಗೆಟ್ಟರೂ ಅಷ್ಟೆ. 2004ರಲ್ಲಿ ಪ್ರಕಟವಾದ ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 12 ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕೇ ತಾಸು ಮಲಗಲು ಬಿಟ್ಟರು. ಹಸಿವು ಹೆಚ್ಚಿಸುವ ಗ್ರೆಲಿನ್ ಏರಿತು, ಸಾಕು ಎನಿಸುವ ಲೆಪ್ಟಿನ್ ಇಳಿಯಿತು, ಸಿಹಿ ಮತ್ತು ಪಿಷ್ಟದ ತಿನಿಸುಗಳ ಮೇಲಿನ ಆಸೆ ಜಾಸ್ತಿಯಾಯಿತು. ಹಬ್ಬದ ಹಿಂದಿನ ರಾತ್ರಿ ಹನ್ನೆರಡಕ್ಕೆ ಮಲಗಿ ನಾಲ್ಕಕ್ಕೆ ಏಳುವ ಗೃಹಿಣಿಗೆ ಆಗುವುದೂ ಇದೇ.

ಇದಕ್ಕೆ ಪರಿಹಾರ ಔಷಧದಂಗಡಿಯಲ್ಲಿ ಸಿಗುವುದಿಲ್ಲ, ಮನೆಯವರು ಸೇರಿ ಮಾಡಬೇಕು. ಹೂರಣವನ್ನು ಹಿಂದಿನ ದಿನವೇ ರುಬ್ಬಿ ಫ್ರಿಜ್ಜಿನಲ್ಲಿಡಬಹುದು. ತೋರಣ ಕಟ್ಟುವುದು, ಕಾಯಿ ತುರಿಯುವುದು, ಎಲೆ ತೊಳೆಯುವುದು, ಪಾತ್ರೆ ಬೆಳಗುವುದು ಗಂಡಸರಿಗೂ ಬರುವ ಕೆಲಸಗಳೇ. ಎಂಟು ಬಗೆಯ ಬದಲು ಐದು ಬಗೆ ಮಾಡಿದರೆ ದೇವರು ಮುನಿಯುವುದಿಲ್ಲ. ಅಡುಗೆ ಮಾಡಿದವರು ಮೊದಲ ಪಂಕ್ತಿಯಲ್ಲಿ ಕೂರಲಿ, ಉಳಿದವರು ಬಡಿಸಲಿ. ತಲೆ ಬಿಸಿಯಾದಾಗ ಐದು ನಿಮಿಷ ಹಿತ್ತಲಲ್ಲಿ ಕೂತು ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಟ್ಟರೂ ಎದೆಬಡಿತ ಇಳಿಯುತ್ತದೆ. ಉದ್ದನೆಯ ನಿಶ್ವಾಸ ದೇಹವನ್ನು ವಿಶ್ರಾಂತಿಯ ಕಡೆಗೆ ತಿರುಗಿಸುವ ನರವನ್ನು ಚುರುಕುಗೊಳಿಸುತ್ತದೆ.

ಮರುದಿನದ ಬಾಡೂಟ

ಮಂಡ್ಯ, ರಾಮನಗರದ ಕಡೆ ಹೊಸತೊಡಕಿಗೆ ಗುಡ್ಡೆ ಬಾಡು (ಗುಡ್ಡೆ ಹಾಕಿ ಪಾಲು ಮಾಡಿದ ಮಾಂಸ) ತಂದು ಮನೆಮಂದಿಯೆಲ್ಲ ಉಣ್ಣುತ್ತಾರೆ. ಬರೀ ಸಕ್ಕರೆಯ ದೃಷ್ಟಿಯಿಂದ ನೋಡಿದರೆ ಮುದ್ದೆ-ಮಾಂಸದ ಸಾರು ಹೋಳಿಗೆಯೂಟಕ್ಕಿಂತ ಸೌಮ್ಯ, ಪ್ರೋಟೀನು ಹೊಟ್ಟೆಯನ್ನೂ ಬೇಗ ತುಂಬಿಸುತ್ತದೆ. ತೊಂದರೆ ಬೇರೆ ಕಡೆ ಇದೆ. ಈಲಿ, ಬೋಟಿಯಂಥವು ಯೂರಿಕ್ ಆಮ್ಲ ಹೆಚ್ಚಿಸುತ್ತವೆ. ಅದರ ಜೊತೆ ಮದ್ಯವೂ ಸೇರಿದರೆ ಗೌಟ್ (ಯೂರಿಕ್ ಆಮ್ಲ ಹೆಚ್ಚಾಗಿ ಬರುವ ಕೀಲುನೋವು) ಇರುವವರಿಗೆ ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಪಾಗಿ ಊದಬಹುದು. ಮಧುಮೇಹದ ಮಾತ್ರೆ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಕುಸಿಯಬಹುದು. ನೋಡುವವರು ಕುಡಿದ ಮತ್ತು ಎಂದುಕೊಂಡು ಸುಮ್ಮನಾಗುತ್ತಾರೆ. ಇಸ್ಪೀಟಿಗೆ ಕೂತು ತಾಸುಗಟ್ಟಲೆ ಏಳದವರು ಆಟ ಬದಲಾಗುವಾಗಲಾದರೂ ಎದ್ದು ನಾಲ್ಕು ಹೆಜ್ಜೆ ಹಾಕಲಿ.

ಮೂರನೆಯ ದಿನ ತೂಕದ ಯಂತ್ರ ಹತ್ತಿ ಎರಡು ಕೆಜಿ ಹೆಚ್ಚಿದ್ದು ಕಂಡರೆ ಗಾಬರಿ ಬೇಡ, ಅದರ ಬಹುಪಾಲು ನೀರು. ಉಪ್ಪು ನೀರನ್ನು ಹಿಡಿದಿಡುತ್ತದೆ, ದೇಹದಲ್ಲಿ ಶೇಖರವಾಗುವ ಪ್ರತಿ ಗ್ರಾಂ ಗ್ಲೈಕೋಜನ್ (ಗ್ಲೂಕೋಸನ್ನು ದೇಹ ಕೂಡಿಡುವ ರೂಪ) ಜೊತೆ ಸುಮಾರು ಮೂರು ಗ್ರಾಂ ನೀರು ಕೂಡಿಕೊಳ್ಳುತ್ತದೆ. ವಾರದೊಳಗೆ ಇಳಿಯುತ್ತದೆ. ಅದನ್ನು ನೋಡಿ ಮರುದಿನವೆಲ್ಲ ಉಪವಾಸ ಬಿದ್ದರೆ ರಾತ್ರಿ ಮತ್ತೆ ಡಬ್ಬದ ಹೋಳಿಗೆಗೇ ಕೈ ಹೋಗುತ್ತದೆ.

ಉಳಿದ ಅಡುಗೆಯ ಬಗ್ಗೆ ಒಂದು ಎಚ್ಚರ. ಒಬ್ಬಟ್ಟಿನ ಸಾರು ಮರುದಿನವೇ ರುಚಿ, ನಿಜ. ಆದರೆ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಯುಗಾದಿ ಬರುವುದೇ ಬೇಸಿಗೆಯಲ್ಲಿ. ಎರಡು ತಾಸಿನೊಳಗೆ, ಸೆಕೆ ಜೋರಾಗಿದ್ದರೆ ಇನ್ನೂ ಬೇಗ, ಫ್ರಿಜ್ಜಿಗೆ ಸೇರಿಸಿ. ತಿನ್ನುವಾಗ ಕೊತಕೊತ ಕುದಿಸಿ. ಅನ್ನ, ಚಿತ್ರಾನ್ನಕ್ಕೆ ಕುದಿಸುವ ಉಪಾಯವೂ ನಡೆಯುವುದಿಲ್ಲ. ಹೊರಗೇ ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷ ಬಿಸಿ ಮಾಡಿದರೂ ಹೋಗದು. ರಾತ್ರಿಯೆಲ್ಲ ಹೊರಗಿದ್ದ ಚಿತ್ರಾನ್ನ ಕಸಕ್ಕೆ ಹೋಗಲಿ.

ಗ್ಯಾಸೋ, ಎದೆನೋವೋ?

ಭರ್ಜರಿ ಊಟದ ಮೇಲೆ ಎದೆ ಹಿಡಿದುಕೊಂಡರೆ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು ಗ್ಯಾಸ್. ಬಹಳ ಸಲ ಅದೇ ಆಗಿರುತ್ತದೆ. ಆದರೆ ಹೃದಯಾಘಾತವೂ ಹೀಗೇ ಶುರುವಾಗಬಹುದು. ಎದೆಯ ನಡುವೆ ಭಾರ ಹೇರಿದಂಥ ಒತ್ತಡ, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆ ಬೆವರು, ಏದುಸಿರು, ಇವುಗಳಲ್ಲಿ ಯಾವುದಿದ್ದರೂ ಜೀರಿಗೆ ಕಷಾಯ ಕಾಯಿಸುತ್ತಾ ಕೂರಬೇಡಿ. ಮಧುಮೇಹಿಗಳಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಉಸಿರುಗಟ್ಟಿದಂತೆ ಆಗುವುದೂ ಇದೆ. ಆಂಬುಲೆನ್ಸ್ ಸಂಖ್ಯೆ 108. ಹತ್ತಿರದ ಆಸ್ಪತ್ರೆಯಲ್ಲಿ ಒಂದು ಇಸಿಜಿ ತೆಗೆಸಲು ಕೆಲವೇ ನಿಮಿಷ ಸಾಕು. ಅದರಲ್ಲಿ ಏನೂ ಕಾಣದಿದ್ದರೂ ನೋವು ಉಳಿದಿದ್ದರೆ ಮನೆಗೆ ಹೊರಡುವ ಅವಸರ ಬೇಡ. ಶುರುವಿನ ಇಸಿಜಿ ಕೆಲವೊಮ್ಮೆ ಸರಿಯಾಗಿಯೇ ಇರುತ್ತದೆ, ಆಗ ಡಾಕ್ಟರು ರಕ್ತಪರೀಕ್ಷೆ ಮಾಡಿಸಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತೆಗೆಸುತ್ತಾರೆ.